ಹ್ಯಾಂಬಲ್ಡನ್ ಕ್ಲಬ್ಬು ಮತ್ತು ನೇರ ದಾಂಡು

ಕ್ರೀಡೆಯ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗುವ ತೊಡಕು ಆಕರಗಳದು. ರಾಜರು ಶಾಸನಗಳನ್ನು ಹಾಕಿಸಿದರು. ಕಂದಾಯದ ಅಧಿಕಾರಿಗಳು ಕಡತಗಳನ್ನು ಬಿಟ್ಟುಹೋದರು. ಚೆಂಡನ್ನು ಹೊಡೆಯುವ ಬಗೆಯನ್ನು ಕಲಿತವನೂ ಕಲಿಸಿದವನೂ ಬಹುಮಟ್ಟಿಗೆ ಏನನ್ನೂ ಬರೆದಿಡಲಿಲ್ಲ. ಕುಂಬಾರಿಕೆ, ಬಡಗಿತನಗಳಂತೆ ಇದೂ ಕೈಯಿಂದ ಕೈಗೆ ದಾಟಿಬಂದ ವಿದ್ಯೆ. ಅಂಕಪಟ್ಟಿಗಳು ಉಳಿದಿವೆಯೆಂಬುದು ನಿಜ. ಆದರೆ ಯಾರು ಎಷ್ಟು ರನ್ ಗಳಿಸಿದರೆಂಬುದನ್ನು ಹೇಳುವ ಅಂಕಪಟ್ಟಿ ಹೇಗೆ ಗಳಿಸಿದರೆಂಬುದನ್ನು ಹೇಳುವುದಿಲ್ಲ. ಈ ತೊಡಕಿನ ನಡುವೆಯೂ ದಾಂಡಿನ ವಿದ್ಯೆ ಸುಧಾರಿಸಿದ ಬಗೆಯನ್ನು ಒಂದಿಷ್ಟು ಸ್ಪಷ್ಟವಾಗಿ ಕಾಣಬಹುದಾದ ಒಂದು ಸ್ಥಳ ಹಾಗೂ ಒಂದು ಕಾಲ ಇವೆ. ಸ್ಥಳ ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಹ್ಯಾಂಬಲ್ಡನ್ ಎಂಬ ಹಳ್ಳಿ. ಕಾಲ ಹದಿನೆಂಟನೆಯ ಶತಮಾನದ ಕೊನೆಯ ನಾಲ್ವತ್ತು ವರ್ಷಗಳು.

ಹ್ಯಾಂಬಲ್ಡನ್ ಕ್ಲಬ್ಬನ್ನು ಹವ್ಯಾಸಿಗಳ ಕ್ಲಬ್ಬೆಂದು ಕರೆಯುವಾಗ ಆ ಪದವನ್ನು ಎಚ್ಚರಿಕೆಯಿಂದ ಬಳಸಬೇಕು. ಕ್ಲಬ್ಬಿನ ಸದಸ್ಯರು ಚಂದಾ ಕೊಡುತ್ತಿದ್ದ, ಪಣ ಕಟ್ಟುತ್ತಿದ್ದ, ಊಟದ ಮೇಜಿನ ಸುತ್ತ ಕುಳಿತು ನಿರ್ಣಯಗಳನ್ನು ಬರೆಸುತ್ತಿದ್ದ ಶ್ರೀಮಂತರು. ಮೈದಾನದಲ್ಲಿ ಕ್ಲಬ್ಬಿನ ಕೀರ್ತಿಯನ್ನು ಗಳಿಸಿಕೊಟ್ಟವರು ಬೇರೆಯವರು. ನಾಯಕ ರಿಚರ್ಡ್ ನೈರನ್ ಬ್ರಾಡ್‌ಹಾಫ್‌ಪೆನಿ ದಿಣ್ಣೆಯ ಎದುರಿನ ‘ಬ್ಯಾಟ್ ಅಂಡ್ ಬಾಲ್’ ಎಂಬ ಪಾನಗೃಹದ ಯಜಮಾನ. ಜಾನ್ ಸ್ಮಾಲ್ ಪೀಟರ್ಸ್‌ಫೀಲ್ಡಿನ ಮೋಚಿ. ಟಾಮ್ ಸೂಟರ್ ಬಡಗಿ. ಡೇವಿಡ್ ಹ್ಯಾರಿಸ್ ಕುಂಬಾರ. ಟಾಮ್ ವಾಕರ್ ರೈತ. ಆಟಕ್ಕೆ ಇವರಿಗೆ ಹಣ ದೊರೆಯುತ್ತಿದ್ದುದು ನಿಜವಾದರೂ ಇವರ ಜೀವನೋಪಾಯ ಕಸುಬಿನಿಂದಲೇ ನಡೆಯುತ್ತಿದ್ದಿತು. ಬಿಡುವಿನಲ್ಲಿ ಆಡಿ, ಬಿಡುವಿನಲ್ಲಿ ಕಲಿತವರೆಂಬ ಅರ್ಥದಲ್ಲಿ ಇಂದಿನ ಊರ ಕ್ಲಬ್ಬುಗಳ ಆಟಗಾರರಿಗೆ ಇವರೇ ಹತ್ತಿರದವರು.

ಆಗಿನ ದಾಂಡನ್ನು ಇಂದು ನೋಡಿದರೆ ಅದು ಹಾಕಿಯ ಕೋಲೆಂದು ಭ್ರಮಿಸಬೇಕು. 1729ರ ವರ್ಷವನ್ನು ಕೆತ್ತಿದ ಅಂಥ ದಾಂಡೊಂದು ಲಂಡನ್ನಿನ ಓವಲ್ ಮೈದಾನದ ಕಟ್ಟಡದಲ್ಲಿದೆ. ಜಾನ್ ಚಿಟಿ ಎಂಬವನದು. ತುದಿಯಲ್ಲಿ ಬಾಗಿದ ಈ ಆಕಾರಕ್ಕೆ ಸರಳವಾದ ಕಾರಣವಿದ್ದಿತು. ಬೌಲರನು ಚೆಂಡನ್ನು ಕೈ ಕೆಳಗಿನಿಂದ ನೆಲದ ಮೇಲೆ ಉರುಳಿಸುತ್ತಿದ್ದನು. ನೆಲಕ್ಕೆ ಅಂಟಿ ಬರುವ ಚೆಂಡಿಗೆ ನೆಲವನ್ನು ಸವರುವ ದಾಂಡೇ ಸರಿ. ವಿಕೆಟ್ಟಾದರೂ ಎರಡೇ ಗೂಟಗಳದು. 1744ರ ನಿಯಮಾವಳಿಯ ಪ್ರಕಾರ ಎತ್ತರ 22 ಅಂಗುಲ, ಅಗಲ 6 ಅಂಗುಲ. ಇಂಥ ಆಟದಲ್ಲಿ ತೋಳಿನ ಬಲವೂ ಕಣ್ಣಿನ ಚುರುಕೂ ಇದ್ದರೆ ಸಾಕಾಗಿದ್ದಿತು.

1760ರ ಸುಮಾರಿನಿಂದ ಬೌಲರುಗಳು ಚೆಂಡನ್ನು ಉರುಳಿಸುವುದನ್ನು ಬಿಟ್ಟು ಗಾಳಿಯಲ್ಲಿ ತೇಲಿಸಿ, ದಾಂಡಿಗನ ಮುಂದೆ ನೆಲಕ್ಕೆ ತಾಗಿ ಪುಟಿದೇಳುವಂತೆ ಎಸೆಯತೊಡಗಿದರು. ಆಟದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪಲ್ಲಟ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ. ಉರುಳುವ ಚೆಂಡಿನ ಎತ್ತರ ಮೊದಲೇ ಗೊತ್ತು. ಪುಟಿಯುವ ಚೆಂಡಿನ ಎತ್ತರ ಪುಟಿದ ಮೇಲೆಯೇ ತಿಳಿಯಬೇಕು. ಅಡ್ಡಡ್ಡಲಾಗಿ ಬೀಸಿದ ದಾಂಡು ಚೆಂಡಿನ ಹಾದಿಯನ್ನು ಒಂದೇ ಒಂದು ಬಿಂದುವಿನಲ್ಲಿ ಸಂಧಿಸುತ್ತದೆ. ಲಂಬವಾಗಿ ಹಿಡಿದ ನೇರ ದಾಂಡಾದರೋ ವಿಕೆಟ್ಟಿನ ಎತ್ತರವನ್ನೆಲ್ಲ ಕಾಯುತ್ತದೆ. ಬಾಗಿದ ದಾಂಡು ಹತ್ತು ಹದಿನೈದು ವರ್ಷಗಳೊಳಗೆ ಮರೆಯಾದುದಕ್ಕೆ ಇದೇ ಕಾರಣ. ನೇರ ದಾಂಡನ್ನು ಮೊದಲು ಕರಗತ ಮಾಡಿಕೊಂಡವನು ಜಾನ್ ಸ್ಮಾಲ್ ಎಂಬ ಸಂಪ್ರದಾಯವಿದೆ. ಅವನು ಮೋಚಿಯ ಕಸುಬನ್ನು ಬಿಟ್ಟು ದಾಂಡು, ಚೆಂಡುಗಳನ್ನು ಮಾಡಿ ಮಾರುವುದಕ್ಕೆ ಆರಂಭಿಸಿದವನಾದುದರಿಂದ ಈ ಸಂಪ್ರದಾಯ ಅಸಂಭವವೇನೂ ಅಲ್ಲ. ಬೇಕಾದ ಉಪಕರಣವನ್ನು ತಾನೇ ಕೊರೆದುಕೊಳ್ಳಬಲ್ಲ ದಾಂಡಿಗನಿಗೆ ಉಳಿದವರಿಗಿಲ್ಲದ ಅನುಕೂಲವೊಂದಿದ್ದಿತು.

ದಾಂಡಿನ ಅಗಲಕ್ಕೆ ಮಿತಿ ಬಂದ ಕಥೆ ಪ್ರಸಿದ್ಧವಾದುದು. 1771ರ ಸೆಪ್ಟೆಂಬರ್ 23ರಂದು ಆರಂಭವಾದ ಪಂದ್ಯದಲ್ಲಿ ಚರ್ಟ್ಸಿ ತಂಡದ ಥಾಮಸ್ ವೈಟ್ ಎಂಬವನು ವಿಕೆಟ್ಟಿನಷ್ಟೇ ಅಗಲವಾದ ದಾಂಡನ್ನು ಹಿಡಿದು ಬಂದನು. ಹ್ಯಾಂಬಲ್ಡನ್ ಒಂದು ರನ್ನಿನಿಂದ ಗೆದ್ದಿತಾದರೂ ಸೆಪ್ಟೆಂಬರ್ 25ರಂದು ನೈರನ್, ಸ್ಮಾಲ್ ಮತ್ತು ವೇಗದ ಬೌಲರ್ ಥಾಮಸ್ ಬ್ರೆಟ್ ಸಹಿ ಮಾಡಿದ ನಿರ್ಣಯವೊಂದು ದಾಂಡಿನ ಅಗಲ 4¼ ಅಂಗುಲವನ್ನು ಮೀರಕೂಡದೆಂದು ವಿಧಿಸಿತು. 1774ರ ನಿಯಮಾವಳಿಯಲ್ಲಿ ಸೇರಿದ ಈ ಅಳತೆ ಇಂದಿಗೂ ಬದಲಾಗಿಲ್ಲ. ಸಹಿ ಹಾಕಿದ ಮೂವರೂ ಮೈದಾನದ ಆಟಗಾರರು. ಶ್ರೀಮಂತ ಸದಸ್ಯರ ಹೆಸರು ಅದರಲ್ಲಿಲ್ಲವೆಂಬುದನ್ನು ಚರಿತ್ರೆಯ ವಿದ್ಯಾರ್ಥಿ ಗಮನಿಸಬೇಕು.

ನೇರ ದಾಂಡಿನ ಫಲ ಅಂಕಪಟ್ಟಿಗಳಲ್ಲಿ ಬೇಗನೆ ಕಾಣಿಸಿಕೊಂಡಿತು. 1775ರಲ್ಲಿ ಬ್ರಾಡ್‌ಹಾಫ್‌ಪೆನಿಯಲ್ಲಿ ಸರೆ ತಂಡದ ವಿರುದ್ಧ ಸ್ಮಾಲ್ 136 ರನ್ ಗಳಿಸಿದನು. 1777ರ ಜೂನ್ ತಿಂಗಳಲ್ಲಿ ಸೆವೆನ್‌ಓಕ್ಸ್‌ನಲ್ಲಿ ಇಂಗ್ಲೆಂಡಿನ ಆಯ್ದ ತಂಡದ ಎದುರು ಕ್ಲಬ್ಬಿನ ಆಟಗಾರರು ಹ್ಯಾಂಪ್‌ಷೈರಿನ ಹೆಸರಿನಲ್ಲಿ 403 ರನ್ ಗಳಿಸಿದರು. ಎದುರಾಳಿಗಳ ಎರಡು ಸರದಿಗಳ ಮೊತ್ತ 166 ಮತ್ತು 69. ಅಂದು ಜೇಮ್ಸ್ ಐಲ್ವರ್ಡ್ ಒಬ್ಬನೇ ಗಳಿಸಿದ 167 ರನ್ನುಗಳನ್ನು 1820ರವರೆಗೆ ಯಾರೂ ಮೀರಲಿಲ್ಲ. ಐಲ್ವರ್ಡ್ ಎಡಗೈ ಆಟಗಾರ. ಬುಧವಾರ ಸಂಜೆ ದಾಂಡು ಹಿಡಿದವನು ಶುಕ್ರವಾರ ಮಧ್ಯಾಹ್ನದವರೆಗೆ ಅದನ್ನು ಕೆಳಗಿಡಲಿಲ್ಲವೆನ್ನುತ್ತಾರೆ.

ಈ ನಡುವೆ ಬೌಲರನಿಗೆ ಆದ ಅನ್ಯಾಯವೂ ಹೊರಬಿದ್ದಿತು. 1775ರ ಮೇ 22ರಂದು ಲಂಡನ್ನಿನ ಆರ್ಟಿಲರಿ ಮೈದಾನದಲ್ಲಿ ಐವರ ಎದುರು ಐವರು ಆಡಿದ ಪಂದ್ಯದಲ್ಲಿ, ಗೆಲುವಿಗೆ 14 ರನ್ ಬೇಕಾಗಿದ್ದಾಗ ಕೊನೆಯವನಾಗಿ ಆಡುತ್ತಿದ್ದ ಸ್ಮಾಲನನ್ನು ‘ಲಂಪಿ’ ಸ್ಟೀವನ್ಸನ ಚೆಂಡು ಮೂರು ಬಾರಿ ವಂಚಿಸಿ, ಎರಡು ಗೂಟಗಳ ನಡುವೆ ನುಸುಳಿಹೋಯಿತು. ಗೂಟ ಬೀಳಲಿಲ್ಲ, ಸ್ಮಾಲ್ ಪಂದ್ಯವನ್ನು ಗೆದ್ದನು. ನಡುವೆ ಮೂರನೆಯ ಗೂಟವನ್ನು ನೆಡುವ ಪದ್ಧತಿ ಹುಟ್ಟಿದ್ದು ಇದರಿಂದ. ಅದೃಷ್ಟದಿಂದ ಬದುಕುವ ಅವಕಾಶ ದಾಂಡಿಗನಿಗೆ ಅಷ್ಟರಮಟ್ಟಿಗೆ ಕಡಮೆಯಾಯಿತು.

ಮುಂದಿನ ಪರೀಕ್ಷೆಯನ್ನು ತಂದವನು ಕುಂಬಾರ ಹ್ಯಾರಿಸ್. ಇವನು (1755–1803) ಚೆಂಡನ್ನು ಕಂಕುಳಿನ ಬಳಿಯಿಂದ ಬಿಡುತ್ತಿದ್ದನೆಂದೂ ಅದು ನೆಲದಿಂದ ಥಟ್ಟನೆ ಮೇಲೆದ್ದು ಬೆರಳುಗಳನ್ನು ಜಜ್ಜುತ್ತಿದ್ದಿತೆಂದೂ ಆಡಿದವರು ಹೇಳಿದ್ದಾರೆ. ಇವನ ನಿಜವಾದ ಶಕ್ತಿ ಚೆಂಡು ಬೀಳುವ ಅಂತರದಲ್ಲಿದ್ದಿತು. ಮುಂದೆ ಹೋಗಿ ತಾಗಲಾರದಷ್ಟು ದೂರವೂ ಅಲ್ಲ, ಹಿಂದೆ ನಿಂತು ನೋಡಿ ಹೊಡೆಯುವಷ್ಟು ಹತ್ತಿರವೂ ಅಲ್ಲ ಎಂಬಂಥ ಸ್ಥಳದಲ್ಲಿ ಅವನ ಚೆಂಡು ಬೀಳುತ್ತಿದ್ದಿತು. ಇದ್ದಲ್ಲೇ ನಿಂತು ತಡೆಯುವ ಹಳೆಯ ಪದ್ಧತಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಟಾಮ್ ವಾಕರ್ ಮಾತ್ರ ಹ್ಯಾರಿಸನ 170 ಚೆಂಡುಗಳನ್ನು ಎದುರಿಸಿ ಒಂದೇ ಒಂದು ರನ್ ಗಳಿಸಿದನೆಂಬ ಹೇಳಿಕೆಯಿದೆ. ಉತ್ತರವೆನ್ನುವುದಾದರೆ ಇದೂ ಒಂದು ಉತ್ತರವೇ. ನೋಡಲು ಬಂದ ಜನರ ತಾಳ್ಮೆಯನ್ನು ಮಾತ್ರ ಯಾರೂ ದಾಖಲಿಸಿಲ್ಲ.

ಸರಿಯಾದ ಉತ್ತರ ಮುಂದಡಿಯಿಟ್ಟು, ಚೆಂಡು ಪುಟಿಯುವ ಮೊದಲೇ ಅಥವಾ ಪುಟಿದ ಕ್ಷಣದಲ್ಲೇ ಅದನ್ನು ನೇರ ದಾಂಡಿನಿಂದ ಸಂಧಿಸುವುದಾಗಿದ್ದಿತು. ಇದನ್ನು ಮೊದಲು ಮಾಡಿದವರು ಯಾರು? ಇಲ್ಲಿ ಸಾಕ್ಷಿಗಳು ಒಬ್ಬರಿಗೊಬ್ಬರು ವಿರೋಧವಾಗಿದ್ದಾರೆ. ನಾಯಕನ ಮಗ ಜಾನ್ ನೈರನ್ (1764–1837) ಬರೆದ ‘ದಿ ಯಂಗ್ ಕ್ರಿಕೆಟರ್ಸ್ ಟ್ಯೂಟರ್’ ಎಂಬ ಪುಸ್ತಕ, ಗೆರೆಯನ್ನು ಬಿಟ್ಟು ಮುನ್ನುಗ್ಗಿದ ಮೊದಲಿಗನೆಂಬ ಗೌರವವನ್ನು ಬಡಗಿ ಸೂಟರನಿಗೆ ಸಲ್ಲಿಸುತ್ತದೆ. ವಿಲಿಯಂ ಫೆನೆಕ್ಸ್ ಎಂಬವನಾದರೋ ಮುಂದಡಿಯ ಆಟ ತನ್ನದೇ ಸೃಷ್ಟಿಯೆಂದು ಮುಪ್ಪಿನಲ್ಲಿ ಹೇಳಿಕೊಂಡನು. ತಾನು ಹಾಗೆ ಆಡಿದುದನ್ನು ಕಂಡ ತಂದೆ ಇದೂ ಒಂದು ಆಟವೇ ಎಂದು ಬೆರಗಾದನಂತೆ. ಮೂರನೆಯ ಸಾಕ್ಷಿ ವಿಲಿಯಂ ಬೆಲ್ಡಮ್. ಫೆನೆಕ್ಸ್ ಮತ್ತು ಬೆಲ್ಡಮರ ಮಾತುಗಳನ್ನು ಪಾದ್ರಿ ಜೇಮ್ಸ್ ಪೈಕ್ರಾಫ್ಟ್ ‘ದಿ ಕ್ರಿಕೆಟ್ ಫೀಲ್ಡ್’ (1851) ಎಂಬ ಗ್ರಂಥದಲ್ಲಿ ಸಂಗ್ರಹಿಸಿದನು.

ಈ ಮೂವರಲ್ಲಿ ನಾನು ಬೆಲ್ಡಮನನ್ನು ನಂಬುತ್ತೇನೆ, ಕಾರಣವನ್ನು ಹೇಳಬೇಕು. ನೈರನನ ಪುಸ್ತಕ 1833ರಲ್ಲಿ, ಎಂದರೆ ಘಟನೆಗಳು ನಡೆದು ಐವತ್ತು ಅರುವತ್ತು ವರ್ಷಗಳಾದ ಮೇಲೆ ಪ್ರಕಟವಾಯಿತು. ಅದನ್ನು ಸಿದ್ಧಗೊಳಿಸಿದವನು ಕವಿ ಕೀಟ್ಸನ ಗೆಳೆಯ ಚಾರ್ಲ್ಸ್ ಕೌಡನ್ ಕ್ಲಾರ್ಕ್. ಮಾತಿನ ಸೊಗಸು ಎಷ್ಟರಮಟ್ಟಿಗೆ ನೈರನನದು, ಎಷ್ಟರಮಟ್ಟಿಗೆ ಕ್ಲಾರ್ಕನದು ಎಂಬ ಸಂದೇಹ ಸಹಜವಾದುದು. ಅಗಲ ದಾಂಡಿನ ಪ್ರಸಂಗ ನಡೆದಾಗ ನೈರನ್ ಆರು ವರ್ಷದ ಬಾಲಕ. ಫೆನೆಕ್ಸ್ ಹೇಳುವುದು ತನ್ನ ಹಿರಿಮೆಯನ್ನು. ಬೆಲ್ಡಮನೊಬ್ಬನೇ ತಾನು ಕಂಡುಹಿಡಿದೆನೆನ್ನದೆ, ತನಗೆ ಇನ್ನೊಬ್ಬನು ಕಲಿಸಿದನೆಂದು ಹೇಳಿದ್ದಾನೆ. ಆ ಕಾಲದ ಇಂಗ್ಲೆಂಡಿನ ಅತ್ಯುತ್ತಮ ದಾಂಡಿಗನೆಂದು ಎಲ್ಲರೂ ಒಪ್ಪಿದವನು ತನ್ನ ಕೀರ್ತಿಯನ್ನು ಮತ್ತೊಬ್ಬನೊಡನೆ ಹಂಚಿಕೊಂಡರೆ ಆ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಆ ಇನ್ನೊಬ್ಬನು ಫಾರ್ನಮ್ ಊರಿನ ಹ್ಯಾರಿ ಹಾಲ್. ಶುಂಠಿಯ ರೊಟ್ಟಿಯನ್ನು ಸುಟ್ಟು ಮಾರುವುದು ಇವನ ಕಸುಬು. ಬೆಲ್ಡಮ್ ಹುಟ್ಟಿದ ರೆಕಲ್‌ಷಮ್ ಹಳ್ಳಿ ಫಾರ್ನಮಿನ ಮಗ್ಗುಲಲ್ಲೇ ಇದೆ. ಹಾಲ್ ಮಹಾ ಆಟಗಾರನೆಂದು ಹೆಸರಾದವನಲ್ಲ, ಆದರೆ ಆಟವನ್ನು ಬಿಡಿಸಿ ನೋಡಿದವನು. ಅವನ ಪಾಠದ ತಿರುಳು ಇಷ್ಟೇ: ದಾಂಡು ನೆಟ್ಟಗಿರಲಿ, ಎಡಮೊಣಕೈ ಮೇಲೆದ್ದಿರಲಿ. ಮಾತು ಚಿಕ್ಕದು, ಅದರ ಹಿಂದಿನ ತರ್ಕ ಚಿಕ್ಕದಲ್ಲ. ಬಲಗೈ ಆಟಗಾರನು ಹಿಡಿಯ ಮೇಲ್ಭಾಗವನ್ನು ಎಡಗೈಯಿಂದ ಹಿಡಿಯುತ್ತಾನೆ. ಎಡಮೊಣಕೈ ಕುಸಿದರೆ ಬಲಗೈಯ ಬಲ ಮೇಲಾಗಿ ದಾಂಡು ಓರೆಯಾಗಿ ಅಡ್ಡಕ್ಕೆ ಎಳೆಯಲ್ಪಡುತ್ತದೆ. ಚೆಂಡು ಗಾಳಿಗೇರಿ ಹಿಡಿತಕ್ಕೆ ಸಿಗುತ್ತದೆ. ಮೊಣಕೈ ಎತ್ತರದಲ್ಲಿದ್ದರೆ ಹಿಡಿ ಮುಂದೆ, ಅಲಗು ಹಿಂದೆ ಇರುವುದರಿಂದ ಚೆಂಡು ನೆಲಕ್ಕೆ ತಗ್ಗುತ್ತದೆ. ದಾಂಡಿನ ಮುಖ ಬೌಲರನ ಕಡೆಗೇ ಇರುತ್ತದೆ. ಹ್ಯಾರಿಸನ ಚೆಂಡು ಥಟ್ಟನೆ ಏಳುತ್ತಿದ್ದುದರಿಂದ ಮುಂದಡಿಯಿಟ್ಟು ಆಡುವವನಿಗೆ ಇದಿಲ್ಲದೆ ಗತಿಯಿರಲಿಲ್ಲ.

ಈ ಉಪದೇಶವನ್ನು ಇಂದಿಗೂ ನಮ್ಮ ಕಾಲೇಜುಗಳ ಮೈದಾನಗಳಲ್ಲಿ ಕೇಳಬಹುದು. ಭಾನುವಾರದ ಕ್ಲಬ್ಬು ಪಂದ್ಯಗಳಲ್ಲಿ ಒಂಬತ್ತನೆಯವನಾಗಿ ಆಡುತ್ತಿದ್ದ ಈ ಲೇಖಕನೂ ಅದನ್ನು ಸಾಕಷ್ಟು ಸಲ ಕೇಳಿದ್ದಾನೆ. ಅವನ ಮೊಣಕೈ ಮಾತ್ರ ತನ್ನ ಹಟವನ್ನು ಬಿಡಲಿಲ್ಲ. ಹೇಳಿದವರಾಗಲಿ ಕೇಳಿದವನಾಗಲಿ ಹಾಲನ ಹೆಸರನ್ನು ಅರಿತಿರಲಿಲ್ಲ.

ಕ್ರಿಕೆಟ್ಟಿನ ಚರಿತ್ರೆಗಳು ಸಾಮಾನ್ಯವಾಗಿ ದಾಂಡಿಗಾರಿಕೆಯ ಬೆಳವಣಿಗೆಯನ್ನು ಪೋಷಕ ಪ್ರಭುಗಳ ಔದಾರ್ಯದ ಕಥೆಯಾಗಿ ಹೇಳುತ್ತವೆ. ಪಂದ್ಯಗಳಿಗೆ ಹಣ ಬೇಕಾಗಿದ್ದಿತು, ಅದನ್ನು ಕೊಟ್ಟವರು ಅವರು, ಇದರಲ್ಲಿ ವಿವಾದವಿಲ್ಲ. ಆದರೆ ಮೇಲೆ ಕಂಡ ಒಂದೊಂದು ಹೆಜ್ಜೆಯೂ, ಎಂದರೆ ಪುಟಿಯುವ ಚೆಂಡು, ನೇರ ದಾಂಡು, ಅಗಲದ ಮಿತಿ, ಎತ್ತಿದ ಮೊಣಕೈ, ಕಸುಬುದಾರರ ನಡುವೆ ನಡೆದುದು. ಅದೂ ಒಬ್ಬನ ಉಪಾಯ ಮತ್ತೊಬ್ಬನನ್ನು ಇಕ್ಕಟ್ಟಿಗೆ ಸಿಲುಕಿಸಿದುದರಿಂದ ನಡೆದುದು. ದಾಂಡಿಗನು ತಾನಾಗಿ ಸುಧಾರಿಸಲಿಲ್ಲ, ಬೌಲರನು ಅವನನ್ನು ಸುಧಾರಿಸಿದನು. ಶಿಕ್ಷೆಯಿಲ್ಲದ ಕಡೆ ಅಡ್ಡ ದಾಂಡು ಎಷ್ಟು ವರ್ಷವಾದರೂ ಬದುಕಿರುತ್ತದೆಂಬುದಕ್ಕೆ 1729ರ ಮಾದರಿಯೇ ಸಾಕ್ಷಿ.

ಕ್ಲಬ್ಬು ಬಹುಕಾಲ ಬಾಳಲಿಲ್ಲ. 1787ರಲ್ಲಿ ಲಂಡನ್ನಿನಲ್ಲಿ ಮೆರಿಲೆಬೋನ್ ಕ್ಲಬ್ಬು ಹುಟ್ಟಿ ಪೋಷಕರೂ ಹಣವೂ ಅತ್ತ ಸರಿದುವು. 1796ರ ಆಗಸ್ಟ್ 29ರ ನಡವಳಿಕೆ ಪುಸ್ತಕದಲ್ಲಿ ಹಾಜರಿದ್ದವರ ಸಾಲಿನಲ್ಲಿ ‘ರೈಟ್ಸ್ ಆಫ್ ಮ್ಯಾನ್’ ಗ್ರಂಥಕರ್ತ ಥಾಮಸ್ ಪೇನನ ಹೆಸರಿದೆ. ಇಂಗ್ಲೆಂಡಿನ ನ್ಯಾಯಾಲಯದಿಂದ 1792ರಲ್ಲಿ ಅಪರಾಧಿಯೆನಿಸಿ ಫ್ರಾನ್ಸಿನಲ್ಲಿದ್ದ ಪೇನ್ ಆ ಹಳ್ಳಿಗೆ ಊಟಕ್ಕೆ ಬಂದಿರಲಾರನು, ಬರೆದವರ ಹಾಸ್ಯವಿರಬೇಕು. ಸೆಪ್ಟೆಂಬರ್ 21ರ ದಾಖಲೆಯಲ್ಲಿ ಸಭ್ಯರಾರೂ ಬರಲಿಲ್ಲವೆಂಬಷ್ಟೇ ಇದೆ. ಪುಸ್ತಕ ಅಲ್ಲಿಗೆ ನಿಲ್ಲುತ್ತದೆ.

ಬೆಲ್ಡಮ್ ಮಾತ್ರ 1821ರವರೆಗೆ ದೊಡ್ಡ ಪಂದ್ಯಗಳಲ್ಲಿ ಆಡಿದನು. ಅವನು 96ನೆಯ ವಯಸ್ಸಿನಲ್ಲಿ ತೀರಿಕೊಂಡುದು 1862ರ ಫೆಬ್ರವರಿಯಲ್ಲಿ. ಆ ತಿಂಗಳು ಎಚ್. ಎಚ್. ಸ್ಟೀವನ್‌ಸನ್ನನ ನಾಯಕತ್ವದ ತಂಡ, ಆಸ್ಟ್ರೇಲಿಯಾಕ್ಕೆ ಹೋದ ಮೊದಲ ಇಂಗ್ಲಿಷ್ ತಂಡ, ಅಲ್ಲಿ ಪಂದ್ಯಗಳನ್ನು ಆಡುತ್ತಿದ್ದಿತು.