ಮತ–ರಾಜ್ಯ ಪ್ರತ್ಯೇಕತೆ (ವರ್ಜೀನಿಯಾ)

ಪ್ರಜೆಗಳ ಮತವಿಶ್ವಾಸವನ್ನು ವಿಧಿಸುವ, ಪೋಷಿಸುವ ಅಥವಾ ದಂಡಿಸುವ ಅಧಿಕಾರ ರಾಜ್ಯಕ್ಕಿಲ್ಲವೆಂಬ ತತ್ತ್ವ. ಇದಕ್ಕೆ ಶಾಸನರೂಪವನ್ನಿತ್ತ ಪ್ರಯತ್ನಗಳಲ್ಲಿ, ಅಮೆರಿಕದ ವರ್ಜೀನಿಯಾ 1786ರ ಜನವರಿಯಲ್ಲಿ ಅಂಗೀಕರಿಸಿದ ಧಾರ್ಮಿಕ ಸ್ವಾತಂತ್ರ್ಯ ಶಾಸನ ಅಗ್ರಗಣ್ಯವಾದುದು.

ಪೂರ್ವಚರಿತ್ರೆ

ಬ್ರಿಟಿಷ್ ವಸಾಹತಾಗಿದ್ದ ಕಾಲದಲ್ಲಿ ಅಲ್ಲಿ ಇಂಗ್ಲೆಂಡಿನ ಚರ್ಚೇ ರಾಜಮಾನ್ಯವಾಗಿದ್ದು, ಅನ್ಯಪಂಥದವರೂ ಅದರ ಪಾದ್ರಿಗಳ ಪೋಷಣೆಗೆ ತೆರಿಗೆ ತೆರಬೇಕಾಗಿತ್ತು. ನಾಣ್ಯ ವಿರಳವಾದ ಆ ನಾಡಿನಲ್ಲಿ ಹೊಗೆಸೊಪ್ಪೇ ಹಣದಂತೆ ಸಲ್ಲುತ್ತಿದ್ದುದರಿಂದ, ಪಾದ್ರಿಯ ವಾರ್ಷಿಕ ವೇತನ 16,000 ಪೌಂಡು ಹೊಗೆಸೊಪ್ಪೆಂದು ಕಾಯಿದೆ ಗೊತ್ತುಮಾಡಿತ್ತು. 1758ರಲ್ಲಿ ಬೆಳೆ ಕೆಟ್ಟು ಧಾರಣೆ ಏರಲು, ಇಂಥ ಬಾಕಿಗಳನ್ನು ಪೌಂಡಿಗೆ ಎರಡು ಪೆನ್ನಿಯಂತೆ ನಾಣ್ಯದಲ್ಲಿಯೇ ತೀರಿಸಬಹುದೆಂದು ಶಾಸನಸಭೆ ವಿಧಿಸಿತು. ಪೇಟೆಯ ಬೆಲೆಯಾದರೋ ಅದರ ಎರಡು ಮೂರು ಪಟ್ಟಿತ್ತು. ಪಾದ್ರಿಗಳು ಲಂಡನ್ನಿಗೆ ದೂರು ಒಯ್ದರು. ದೊರೆ ಆ ಕಾಯಿದೆಯನ್ನು ತಳ್ಳಿಹಾಕಿದನು. ಆ ಬಲದಿಂದ ಜೇಮ್ಸ್ ಮೌರಿಯೆಂಬ ಪಾದ್ರಿ (ಇವನು ಥಾಮಸ್ ಜೆಫರ್ಸನ್ನನಿಗೆ ಬಾಲ್ಯದಲ್ಲಿ ಪಾಠ ಹೇಳಿದವನು) ಹ್ಯಾನೋವರ್ ಕೌಂಟಿಯಲ್ಲಿ ದಾವೆ ಹೂಡಿ ಗೆದ್ದನಾದರೂ, ಪರಿಹಾರದ ಮೊತ್ತವನ್ನು ನಿರ್ಣಯಿಸಲು 1763ರ ಡಿಸೆಂಬರಿನಲ್ಲಿ ಕುಳಿತ ಜ್ಯೂರಿ, ಪ್ರತಿವಾದಿಗಳ ತರುಣ ವಕೀಲ ಪ್ಯಾಟ್ರಿಕ್ ಹೆನ್ರಿಯ ವಾಗ್ವೈಭವಕ್ಕೆ ಒಲಿದು, ಒಂದೇ ಒಂದು ಪೆನ್ನಿಯನ್ನು ಕೊಡಿಸಿತು. ಹೊಗೆಸೊಪ್ಪಿನ ಈ ಲೆಕ್ಕಾಚಾರ ತತ್ತ್ವವಿಚಾರಕ್ಕೆ ದೂರವೆಂದು ತೋರಬಹುದು; ಆದರೆ ಪಾದ್ರಿಯ ಸಂಬಳವನ್ನು ಪ್ರಜೆಯಿಂದ ಬಲಾತ್ಕಾರವಾಗಿ ವಸೂಲು ಮಾಡಬಹುದೇ ಎಂಬುದೇ ಮುಂದಿನ ವಾದಕ್ಕೆಲ್ಲ ಕೇಂದ್ರವಾಯಿತು.

ಪರವಾನಗಿಯಿಲ್ಲದೆ ಉಪದೇಶ ಮಾಡಿದ ಬ್ಯಾಪ್ಟಿಸ್ಟ್ ಬೋಧಕರು ಈ ಅವಧಿಯಲ್ಲಿ ಸೆರೆಮನೆ ಸೇರಿದರು. ಕೆಲವರು ಸೆರೆಯ ಕಿಟಕಿಯ ಸರಳುಗಳ ನಡುವಿನಿಂದಲೇ ಹೊರಗೆ ನೆರೆದವರಿಗೆ ಬೋಧಿಸಿದರು.

ಶಾಸನ

ಜೆಫರ್ಸನ್ನನ ಕರಡು 1779ರಲ್ಲಿ ಸಭೆಯ ಮುಂದೆ ಬಂದು ನೆನೆಗುದಿಗೆ ಬಿದ್ದಿತು. 1784ರಲ್ಲಿ, ಹಿಂದೆ ಪಾದ್ರಿಗಳನ್ನು ಸೋಲಿಸಿದ ಹೆನ್ರಿಯೇ, ಕ್ರೈಸ್ತ ಬೋಧಕರಿಗಾಗಿ ಎಲ್ಲರಿಂದಲೂ ತೆರಿಗೆ ಎತ್ತಿ, ಅದು ಯಾವ ಪಂಥಕ್ಕೆ ಸಲ್ಲಬೇಕೆಂಬುದನ್ನು ತೆತ್ತವನ ಇಚ್ಛೆಗೆ ಬಿಡುವ ಮಸೂದೆಯನ್ನು ಬೆಂಬಲಿಸಿದನು. ಉದಾರವೆನಿಸುವ ಈ ಏರ್ಪಾಟನ್ನು ಜೇಮ್ಸ್ ಮ್ಯಾಡಿಸನ್ 1785ರ ತನ್ನ ವಿಜ್ಞಾಪನೆಯಲ್ಲಿ ಖಂಡಿಸಿದನು: ಮೂರು ಪೆನ್ನಿಯನ್ನು ಕೇಳಬಲ್ಲ ಸರ್ಕಾರ ನಾಳೆ ಪೂರ್ಣ ವಿಧೇಯತೆಯನ್ನೂ ಕೇಳಬಲ್ಲುದು, ರಾಜಾಶ್ರಯವು ಮತವನ್ನು ಶುದ್ಧಗೊಳಿಸುವುದಕ್ಕಿಂತ ಕೆಡಿಸಿದುದೇ ಹೆಚ್ಚು. ಈ ಎರಡನೆಯ ಕಾರಣ ವಿಶೇಷವಾಗಿ ಗಮನಾರ್ಹ. ಪ್ರತ್ಯೇಕತೆಯನ್ನು ನಾಸ್ತಿಕ್ಯದ ಫಲವೆಂದು ಬಗೆಯುವುದು, ವರ್ಜೀನಿಯಾದ ಮಟ್ಟಿಗಾದರೂ, ಸಮಂಜಸವಲ್ಲ. ಜನಬೆಂಬಲದ ಬಹುಭಾಗ ಶ್ರದ್ಧಾವಂತರಾದ ಬ್ಯಾಪ್ಟಿಸ್ಟರಿಂದಲೂ ಪ್ರೆಸ್ಬಿಟೇರಿಯನ್ನರಿಂದಲೂ ಒದಗಿತು. ತೆರಿಗೆಯ ಮಸೂದೆ ಬಿದ್ದುಹೋಗಿ ಜೆಫರ್ಸನ್ನನ ಕರಡು ಅಂಗೀಕೃತವಾದಾಗ, ಅವನು ರಾಯಭಾರಿಯಾಗಿ ಪ್ಯಾರಿಸ್ಸಿನಲ್ಲಿದ್ದನು.

ಅನಂತರ

1791ರಲ್ಲಿ ಜಾರಿಗೆ ಬಂದ ಅಮೆರಿಕ ಸಂವಿಧಾನದ ಮೊದಲನೆಯ ತಿದ್ದುಪಡಿ ಕೇಂದ್ರ ಸರ್ಕಾರವನ್ನು ಮಾತ್ರ ನಿರ್ಬಂಧಿಸಿದ್ದರಿಂದ, ಕೆಲವು ರಾಜ್ಯಗಳಲ್ಲಿ ಚರ್ಚಿನ ತೆರಿಗೆ ಮುಂದುವರಿಯಿತು. ಮಸಾಚುಸೆಟ್ಸ್ ಅದನ್ನು ಕೈಬಿಟ್ಟದ್ದು 1833ರಲ್ಲಿ.