ಹೊಯ್ಸಳ ಅರಮನೆಯ ಹೆಣ್ಣುಮಕ್ಕಳು, ಅವರ ಮದುವೆಗಳು

ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ಶಾಸನಗಳಲ್ಲಿ ಹೊಯ್ಸಳ ಅರಸಿಯರ ಹೆಸರುಗಳಿಗೆ ಬರವಿಲ್ಲ. ಅರಸನ ಮಗಳು ಯಾರ ಕೈಹಿಡಿದಳೆಂಬ ವಿವರ ಮಾತ್ರ ಅಪರೂಪ. ಸಿಕ್ಕ ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ, ಮದುವೆಯ ಬೆನ್ನಿಗೇ ಭೂಮಿಯ ಮಾತು ಬರುವುದು ಕಾಣುತ್ತದೆ.

ಸಿಂದಗೆರೆಯ ಉಂಬಳಿ

ವಿನಯಾದಿತ್ಯನ ರಾಣಿ ಕೆಳೆಯಬ್ಬರಸಿ, ದಂಡನಾಯಕ ಮರಿಯಾನೆಯನ್ನು ತನ್ನ ತಮ್ಮನೆಂದೇ ಭಾವಿಸಿದ್ದಳು. ದೇಕವ್ವೆಯೆಂಬ ಕನ್ಯೆಯನ್ನು ಅವನಿಗೆ ಧಾರೆಯೆರೆಸಿದಾಗ, ಆಸಂದಿನಾಡಿನ ಸಿಂದಗೆರೆಯ ಒಡೆತನವೂ ಜೊತೆಗೆ ಸಂದಿತು. ರಕ್ತಸಂಬಂಧವಿಲ್ಲದವನು ಹೀಗೆ ಅರಮನೆಯ ನೆಂಟನಾದ.

ಮುಂದಿನ ತಲೆಮಾರುಗಳಲ್ಲಿ ಈ ನಂಟು ಇನ್ನೂ ಗಟ್ಟಿಯಾಯಿತು. 1103ರಲ್ಲಿ ಒಂದನೆಯ ಬಲ್ಲಾಳನು ಬೇಲೂರಿನಲ್ಲಿ, ಅದೇ ವಂಶದ ಎರಡನೆಯ ಮರಿಯಾನೆಯ ಮೂವರು ಹೆಣ್ಣುಮಕ್ಕಳಾದ ಪದ್ಮಲದೇವಿ, ಚಾವಲದೇವಿ, ಬೊಪ್ಪದೇವಿಯರನ್ನು ಒಂದೇ ದಿನ, ಒಂದೇ ಹಸೆಯಲ್ಲಿ ಮದುವೆಯಾದ. ಅವರಿಗೆ ಹಾಲೂಡಿ ಬೆಳೆಸಿದ ಋಣಕ್ಕಾಗಿ ಸಿಂದಗೆರೆಯನ್ನು ಮತ್ತೆ ಮಾವನಿಗೇ ಕೊಟ್ಟ. ತಾಯಿಯ ಎದೆಹಾಲಿಗೂ ಬೆಲೆಯುಂಟೆಂದು ಒಪ್ಪಿ ಅದನ್ನು ಕಲ್ಲಿನಲ್ಲಿ ಬರೆಸಿದ್ದು ನನಗಂತೂ ಈ ಕಾಲದ ಅತ್ಯಂತ ಮಾನವೀಯ ದಾಖಲೆ. ಈ ಮನೆತನದ ಮರಿಯಾನೆ ಮತ್ತು ಭರತ ಸಹೋದರರು ಮುಂದೆ ವಿಷ್ಣುವರ್ಧನನ ದಂಡನಾಯಕರಾದರು.

ವಿಷ್ಣುವರ್ಧನನ ಮಗಳು

ಹರಿಯಬ್ಬರಸಿ ವಿಷ್ಣುವರ್ಧನನ ಮಗಳು, ಕುಮಾರ ಬಲ್ಲಾಳನ ಅಕ್ಕ, ಸಿಂಗನೆಂಬವನ ಪತ್ನಿ. 1130ರ ಸುಮಾರಿಗೆ, ಈಗಿನ ಮೂಡಿಗೆರೆ ತಾಲ್ಲೂಕಿನ ಹಂತೂರಿನಲ್ಲಿ ಬಸದಿ ಕಟ್ಟಿಸಿ ದತ್ತಿ ಬಿಟ್ಟಳು. ಗಂಡನ ಮನೆ ಸೇರಿದ ಮೇಲೂ ಅವಳ ಗುರುತು ತಂದೆಯ ಹೆಸರಿನಿಂದಲೇ ಮೊದಲಾಗುತ್ತದೆ.

ಫ್ರಾನ್ಸಿನಲ್ಲಿ ಬೇರೆ ಲೆಕ್ಕ

ಹೋಲಿಕೆಗಾಗಿ ಫ್ರಾನ್ಸಿನ ಅರಮನೆಯನ್ನು ನೋಡಬಹುದು. ಒಬ್ಬಳೇ ಹೆಂಡತಿಯೆಂಬ ಕ್ರೈಸ್ತ ಕಟ್ಟಳೆ ಅಲ್ಲಿದ್ದುದರಿಂದ, ಅರಸನಿಗೆ ಬೇರೆ ಹೆಣ್ಣಿನಲ್ಲಿ ಹುಟ್ಟಿದ ಮಗಳು ಕಾನೂನಿನ ಹೊರಗೆ ನಿಲ್ಲುತ್ತಿದ್ದಳು. ಅರಸ ಆರನೆಯ ಚಾರ್ಲ್ಸ್ ಮತ್ತು ಓಡೆಟ್ ದ ಶಾಂಡಿವೆರ್ ಅವರ ಮಗಳು ಮಾರ್ಗರೀಟ್‌ಳನ್ನು 1428ರಲ್ಲಿ ಸಕ್ರಮಳೆಂದು ಘೋಷಿಸಿದ್ದು ಮಲಅಣ್ಣನಾದ ಏಳನೆಯ ಚಾರ್ಲ್ಸ್. ಅದೇ ಚಾರ್ಲ್ಸ್ ಮತ್ತು ಆನ್ಯೆಸ್ ಸೊರೆಲ್ ಅವರ ಮಗಳು ಶಾರ್ಲೋಟ್‌ಳ ಪಾಡು ಕರುಳು ಹಿಂಡುತ್ತದೆ. 1462ರಲ್ಲಿ ಅವಳನ್ನು ಝಾಕ್ ದ ಬ್ರೆಝೆಗೆ ಕೊಟ್ಟು ಮದುವೆ ಮಾಡಲಾಯಿತು. ಅವಳ ಮೇಲೆ ಜಾರತನದ ಆರೋಪ ಹೊರಿಸಿ 1477ರಲ್ಲಿ ಗಂಡನೇ ಕೊಂದ. ಮಲಅಣ್ಣ ಹನ್ನೊಂದನೆಯ ಲೂಯಿಯ ಆಳ್ವಿಕೆಯಲ್ಲಿ ಅವನಿಗೆ ಬಿದ್ದ ದಂಡ 1,00,000 ಎಕ್ಯೂ ನಾಣ್ಯ. ತೆರಲಾಗದೆ ಅವನು ಜಮೀನುಗಳನ್ನೇ ಅರಸನಿಗೆ ಒಪ್ಪಿಸಬೇಕಾಯಿತು. ಒಂದು ಹೆಣ್ಣಿನ ಪ್ರಾಣ ಕೊನೆಗೆ ಆಸ್ತಿಯ ವ್ಯವಹಾರವಾಯಿತೆಂಬುದನ್ನು ಓದುವಾಗ ಸಂಕಟವಾಗುತ್ತದೆ.

ಸವತಿಯರ ಮಕ್ಕಳು

ಹೊಯ್ಸಳರಲ್ಲಿ ಅರಸನಿಗೆ ಹಲವು ರಾಣಿಯರು. ಹಾಗಾಗಿ ಇಲ್ಲಿನ ಪೈಪೋಟಿ ಸವತಿಯರ ನಡುವಿನದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಷ್ಣುವರ್ಧನನ ರಾಣಿ ಶಾಂತಲೆ 1123ರಲ್ಲಿ ಕಟ್ಟಿಸಿದ ಬಸದಿಗೆ ಸವತಿಯರ ಪಾಲಿಗೆ ಮದಗಜ ಎಂಬರ್ಥದ ಅವಳ ಬಿರುದನ್ನೇ ಇಟ್ಟು ಸವತಿಗಂಧವಾರಣ ಬಸದಿ ಎನ್ನುತ್ತಾರೆ. ಪಟ್ಟಮಹಾದೇವಿಯ ಪಟ್ಟ ಅವಳದಾಗಿತ್ತು, ಆದರೆ ವಿಷ್ಣುವರ್ಧನನ ನಂತರ ಸಿಂಹಾಸನವೇರಿದ ಒಂದನೆಯ ನರಸಿಂಹ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ.

ತಾಯಂದಿರು ಬೇರೆಯಾದಾಗ ರಾಜ್ಯವೇ ಹೋಳಾದದ್ದೂ ಉಂಟು. ಹೊಯ್ಸಳ ಅರಸ ಸೋಮೇಶ್ವರನಿಗೆ ಬಿಜ್ಜಳರಾಣಿಯಲ್ಲಿ ಹುಟ್ಟಿದವನು ಮೂರನೆಯ ನರಸಿಂಹ. ಚಾಲುಕ್ಯ ಕುಲದ ದೇವಲದೇವಿಯ ಮಗ ರಾಮನಾಥ, ಮಗಳು ಪೊನ್ನಂಬಲ. 1254ರ ಪಾಲಿನಲ್ಲಿ ದೋರಸಮುದ್ರ ನರಸಿಂಹನಿಗೆ, ಕಾವೇರಿ ತೀರದ ಕಣ್ಣನೂರು ರಾಮನಾಥನಿಗೆ ಹೋಯಿತು. ಪೊನ್ನಂಬಲಳಿಗೆ ರಾಜ್ಯದಲ್ಲಿ ಪಾಲಿರಲಿಲ್ಲ.