ಬದನಿಕೆ

ಬೆಂಗಳೂರಿನ ದೀಪಾಂಜಲಿ ನಗರದ ಮೆಟ್ರೊ ನಿಲ್ದಾಣದಿಂದಿಳಿದು ಒಳರಸ್ತೆ ಹಿಡಿದಾಗ ಹೊಂಗೆಯ ಕೆಳಗೆ ನಿಂತು ಕತ್ತೆತ್ತಿ ನೋಡಿ. ಮರದ್ದಲ್ಲದ ದಪ್ಪ ಎಲೆಗಳ ಗುಂಪೊಂದು ಕೊಂಬೆಗೆ ಕಚ್ಚಿಕೊಂಡಿದ್ದರೆ ಅದು ಬದನಿಕೆ. ಬಂದಳಿಕೆ, ಬಂದಣಿಕೆ ಎಂದರೂ ಅದೇ. ಸಂಸ್ಕೃತದ ‘ವಂದಾಕ’ದ ತದ್ಭವ, ‘ವನ’ ‘ಬನ’ವಾದಂತೆ ಇಲ್ಲೂ ವಕಾರ ಬಕಾರವಾಗಿದೆ. (ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಊರು ಬೇರೆ, ಅದು ಶಾಸನಗಳ ಬಾಂಧವಪುರ.)

ಆಡುಮಾತಿನಲ್ಲಿ ಇದು ಬೈಗುಳ. ದುಡಿಯದೆ ಇನ್ನೊಬ್ಬರ ಮನೆಯಲ್ಲಿ ಉಣ್ಣುವವನು ಬಂದಳಿಕೆ. ಗಿಡಕ್ಕೆ ತುಸು ಅನ್ಯಾಯವೇ. ಮರದಿಂದ ನೀರು, ಲವಣ ಹೀರಿದರೂ ಹಸಿರೆಲೆಯಲ್ಲಿ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತದೆ.

ಸ್ವಾರಸ್ಯವೆಂದರೆ, 8 ಸೆಂಟಿಮೀಟರಿನ ಪುಟ್ಟ ಹೂಕುಟುಕ ಹಕ್ಕಿಯನ್ನೂ ಬದನಿಕೆ ಎನ್ನುವುದುಂಟು. ಹಕ್ಕಿ ಈ ಗಿಡದ ಹಣ್ಣು ನುಂಗುತ್ತದೆ. ಅಂಟುಬೀಜ ಸಲೀಸಾಗಿ ಉದುರದು, ಕೊಂಬೆಗೆ ಒರೆಸಿಯೇ ಬಿಡಿಸಿಕೊಳ್ಳಬೇಕು. ಬಿತ್ತನೆ ಮುಗಿಯಿತು! ಪರಿಸರ ವಿಜ್ಞಾನಿ ಪ್ರಿಯಾ ದಾವಿದಾರ್ 1983ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲವು ಬದನಿಕೆಗಳ ಹೂವೂ ಹಣ್ಣೂ ನೋಟಕ್ಕೆ ಒಂದೇ ಥರ. ಹಣ್ಣಿಗೆ ಬಂದ ಹಕ್ಕಿ ಮೊಗ್ಗು ಬಿಡಿಸಿ ಪರಾಗವನ್ನೂ ಹೊರುತ್ತದೆ. ಕಾಮನ್ ಜೆಝೆಬೆಲ್ ಚಿಟ್ಟೆಯ ಹುಳುಗಳಿಗೂ ಬದನಿಕೆಯ ಎಲೆಯೇ ಮೇವು.

ಆಸ್ಟ್ರೇಲಿಯಾದಲ್ಲಿ ಪರಿಸರ ವಿಜ್ಞಾನಿ ಡೇವಿಡ್ ವಾಟ್ಸನ್ ಮತ್ತು ಜೊತೆಗಾರರು ಕೆಲವು ಕಾಡುತುಣುಕುಗಳಿಂದ ಈ ಬಗೆಯ ಗಿಡಗಳನ್ನೆಲ್ಲ ಕಿತ್ತು ನೋಡಿದರು. ಕಾಡನ್ನೇ ನಂಬಿದ ಹಕ್ಕಿ ಪ್ರಭೇದಗಳಲ್ಲಿ ಸರಾಸರಿ ಶೇ 26.5ರಷ್ಟು ಇಲ್ಲವಾದವು ಎಂದು 2012ರಲ್ಲಿ ವರದಿ ಮಾಡಿದರು. ನಮ್ಮ ಮಾವಿನ ತೋಟದವರು ಮಾತ್ರ ಬದನಿಕೆಯನ್ನು ಕಂಡಲ್ಲಿ ಕಡಿಯುತ್ತಾರೆ. ಅವರ ಲೆಕ್ಕವೂ ತಪ್ಪಲ್ಲ, ಹೆಚ್ಚಾದರೆ ಕೊಂಬೆ ಒಣಗುತ್ತದೆ.